ಕಂಠದಲ್ಲಿ ಉಳಿದ ಹಾಡು

ವೇದಕ್ಕೆ ಶ್ರುತಿಯೆಂದು ಹೆಸರು. ಕೇಳಿ ಕಲಿಯತಕ್ಕದ್ದಾದುದರಿಂದ ಆ ಹೆಸರು ಬಂದಿತು. ಸ್ಮೃತಿಯೆಂದರೆ ನೆನಪಿನಲ್ಲಿ ಉಳಿದದ್ದು. ಶಾಸ್ತ್ರಕಾರರು ಈ ಎರಡು ಮಾತುಗಳನ್ನು ಗ್ರಂಥಗಳಿಗೆ ಮೀಸಲಾಗಿಟ್ಟರು. ಆದರೆ ಸಂಸಾರಿಗಳಾದ ನಮ್ಮಂತಹವರಿಗೆ ಮೊದಲ ಶ್ರುತಿಯು ಮನೆಯ ಹೆಣ್ಣುಮಕ್ಕಳ ಹಾಡು. ಮೊದಲ ಸ್ಮೃತಿಯೂ ಅದರದೇ. ನಿಮಗೆ ಅಚ್ಚುಮೆಚ್ಚಿನ ಗಾಯಕಿ ಯಾರೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರನ್ನು ಹೇಳಿಯಾರು. ಆ ಹೆಸರಿನ ಹಿಂದೆ ಒಂದು ಊರು, ಒಂದು ಪಡಸಾಲೆ, ಪ್ರೀತಿಯ ಒಂದು ಮುಖ ಇದ್ದೇ ಇರುವುವು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ಸೀಮೆಯಲ್ಲಿ ಹುಟ್ಟಿ ಬೆಳೆದು, ಇಲ್ಲಿಯ ಮಕ್ಕಳಿಗೇ ಪಾಠ ಹೇಳಿ ನಿವೃತ್ತರಾದ ನಾವು, ನಮ್ಮ ಕಿವಿಯಲ್ಲಿ ನಿಂತ ಕೆಲವು ಕಂಠಗಳನ್ನು ಇಲ್ಲಿ ನೆನೆಯುತ್ತೇವೆ.

ಮೊದಲು ನೆನೆಯಬೇಕಾದವರ ಧ್ವನಿಯನ್ನು ನಾವು ಕೇಳಿಯೇ ಇಲ್ಲ. ಇಂದು ಬದುಕಿರುವ ಯಾರೂ ಕೇಳಿದವರಲ್ಲ. ಅವರೇ ಹರಪನಹಳ್ಳಿ ಭೀಮವ್ವನವರು. ೧೮೨೩ರಲ್ಲಿ ನಾರಾಯಣದೇವರಕೆರೆಯಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ಹರಪನಹಳ್ಳಿಗೆ ಸೊಸೆಯಾಗಿ ಬಂದು, ವೈಧವ್ಯದ ದುಃಖವನ್ನು ಉಂಡು, ‘ಭೀಮೇಶಕೃಷ್ಣ’ ಎಂಬ ಅಂಕಿತದಿಂದ ಹಾಡುಗಳನ್ನು ರಚಿಸಿ, ೧೯೦೩ರಲ್ಲಿ ಅವರು ತೀರಿಕೊಂಡರು. ಅದಕ್ಕೆ ಹಿಂದಿನ ವರ್ಷ, ೧೯೦೨ರ ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ ಗೌಹರ್ ಜಾನ್ ಮೊದಲಾದ ಗಾಯಕಿಯರ ಧ್ವನಿಯನ್ನು ಗ್ರಾಮಫೋನ್ ತಟ್ಟೆಗಳಿಗೆ ಹಿಡಿದಿದ್ದರು. ಆ ಯಂತ್ರವು ಹರಪನಹಳ್ಳಿಯವರೆಗೆ ಬಂದು ಮುದುಕಿಯೊಬ್ಬಳ ಮುಂದೆ ನಿಲ್ಲುವ ಕಾಲವು ಅದಾಗಿರಲಿಲ್ಲ. ಆದಾಗ್ಯೂ ಭೀಮವ್ವನವರ ಸುಭದ್ರಾಕಲ್ಯಾಣವೂ ನಳಚರಿತ್ರೆಯೂ ಆರತಿಯ ಹಾಡುಗಳೂ ನಮ್ಮವರೆಗೆ ನಡೆದುಬಂದುವು. ಹೇಗೆಂದರೆ, ಬಾಯಿಯಿಂದ ಬಾಯಿಗೆ.

ನಮ್ಮ ಅಜ್ಜಿಗೆ ಆ ಹಾಡುಗಳನ್ನು ಕಲಿಸಿದವರು ಅವರ ಅತ್ತೆ. ಶುಕ್ರವಾರದ ಸಂಜೆ ದೀಪ ಹಚ್ಚಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ಪುಸ್ತಕದ ಹಂಗಿಲ್ಲದೆ ಅಜ್ಜಿ ಸುಭದ್ರಾಕಲ್ಯಾಣವನ್ನು ಹಾಡುತ್ತಿದ್ದರು. ಕಂಠವು ಅಷ್ಟೇನೂ ಇಂಪಾದುದಲ್ಲ. ಮೇಲಿನ ಸ್ವರಕ್ಕೆ ಏರುವಾಗ ಒಡೆಯುತ್ತಿತ್ತು. ಆದರೆ ಅರ್ಜುನನು ಸಂನ್ಯಾಸಿಯ ವೇಷದಲ್ಲಿ ಬಂದು ಕುಳಿತ ಭಾಗ ಬಂದೊಡನೆ, ಮಕ್ಕಳಾದ ನಮ್ಮ ಕಡೆ ನೋಡಿ ಕಣ್ಣಿನಲ್ಲಿಯೇ ನಗುತ್ತಿದ್ದರು. ಗುಟ್ಟು ತಮಗೆ ಗೊತ್ತು, ದ್ವಾರಕೆಯವರಿಗೆ ಗೊತ್ತಿಲ್ಲ ಎಂಬಂತೆ. ಮುಂದೆ ಪಾಠಶಾಲೆಯಲ್ಲಿ ಆದಿಪರ್ವವನ್ನು ಓದುವಾಗ ಶ್ಲೋಕಗಳ ಅಡಿಯಲ್ಲಿ ನಮಗೆ ಅಜ್ಜಿಯ ಧಾಟಿಯೇ ಕೇಳಿಸುತ್ತಿತ್ತು. ವ್ಯಾಕರಣವನ್ನು ಗುರುಗಳಿಂದ ಕಲಿತೆವು. ಮಹಾಭಾರತದ ರುಚಿಯನ್ನು ಹತ್ತಿಸಿದವರು ಅಜ್ಜಿ.

ನೆರೆಮನೆಗಳಲ್ಲಿ ಬೇರೊಂದು ಬಗೆಯ ಹಾಡಿತ್ತು. ಕೋಳಿ ಕೂಗುವ ಮೊದಲೇ ಎದ್ದು ಜೋಳ ಬೀಸುತ್ತಿದ್ದ ತಾಯಂದಿರು, ಕಲ್ಲಿನ ಸುತ್ತಿಗೆ ಸರಿಯಾಗಿ ತ್ರಿಪದಿಗಳನ್ನು ಹೆಣೆಯುತ್ತಿದ್ದರು. ತವರಿನ ದಾರಿ, ಅಣ್ಣ ತಂದ ಸೀರೆ, ಬಾರದ ಮಳೆ, ಎಲ್ಲವೂ ಅದರಲ್ಲಿ ಬರುತ್ತಿದ್ದುವು. ಊರಿಗೆ ಹಿಟ್ಟಿನ ಗಿರಣಿ ಬಂದಿತು. ಹೆಂಗಸರ ರಟ್ಟೆಗೆ ವಿಶ್ರಾಂತಿ ದೊರೆಯಿತು. ಅದು ಒಳ್ಳೆಯದೇ ಆಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೆಲಸದೊಡನೆ ಹುಟ್ಟಿದ ಹಾಡು ಕೆಲಸ ನಿಂತೊಡನೆ ನೆಲೆ ತಪ್ಪಿತು. ಬೀಸುವ ಕಲ್ಲಿಲ್ಲದೆ ಹಾಡೆಂದು ಮುದುಕಿಯೊಬ್ಬರನ್ನು ಕೇಳಿದಾಗ, “ಕೈ ಆಡದಿದ್ರೆ ಬಾಯಿ ಹೆಂಗ ಆಡೀತಪ್ಪ, ಮೇಷ್ಟ್ರೇ?” ಎಂದು ಅವರು ನಮ್ಮನ್ನೇ ಕೇಳಿದರು.

ಕಂಠದ ಶಕ್ತಿ ಎಷ್ಟೆಂಬುದಕ್ಕೆ ನಮ್ಮ ಸೀಮೆಯ ಮಗ್ಗುಲಲ್ಲಿಯೇ ದೊಡ್ಡ ಉದಾಹರಣೆಯಿದೆ. ಕೂಡ್ಲಿಗಿಗೆ ನೆರೆಯಾದ ಸಂಡೂರು ತಾಲೂಕಿನ ದರೋಜಿ ಈರಮ್ಮನವರು ಓದು ಬರಹ ಬಲ್ಲವರಲ್ಲ. ಕೈಯಲ್ಲಿ ತಂಬೂರಿ ಹಿಡಿದು, ಜೊತೆಯ ಹೆಂಗಸರು ವಾದ್ಯ ಬಾರಿಸುತ್ತ ಸೊಲ್ಲು ಕೂಡಿಸುತ್ತಿರಲು, ಕುಮಾರರಾಮ, ಬಾಲನಾಗಮ್ಮ ಮೊದಲಾದ ಹನ್ನೆರಡು ಮಹಾಕಾವ್ಯಗಳನ್ನು ಬುರ್ರಕಥೆಯಾಗಿ ಅವರು ಹಾಡಬಲ್ಲವರಾಗಿದ್ದರು. ಬರೆದರೆ ಏಳು ಸಾವಿರ ಪುಟಗಳಾಗುವಷ್ಟು ಸಾಹಿತ್ಯವೆಂದು ಅದನ್ನು ಎಣಿಸಿರುತ್ತಾರೆ. ಅಮರಕೋಶವೊಂದನ್ನು ಬಾಯಿಪಾಠ ಮಾಡಿದ್ದಕ್ಕೇ ಎದೆಯುಬ್ಬಿಸಿ ತಿರುಗಿದ ನಮ್ಮಂತಹ ವಿದ್ಯಾರ್ಥಿಗಳು ಅಲ್ಲಿ ತಲೆ ತಗ್ಗಿಸಬೇಕು. ೨೦೧೪ರಲ್ಲಿ ಅವರು ಕಣ್ಮುಚ್ಚಿದರು. ವಿದ್ವಾಂಸರು ಅವರು ಬದುಕಿರುವಾಗಲೇ ಮುಂದೆ ಕುಳಿತು ಕೇಳಿ ಬರೆದುಕೊಂಡುದರಿಂದ ಆ ಕಾವ್ಯಗಳು ಅಚ್ಚಿನ ಮುಖವನ್ನು ಕಂಡುವು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಜಾತ್ರೆಗಳಲ್ಲಿ ಬೀಡುಬಿಡುತ್ತಿದ್ದ ನಾಟಕ ಕಂಪನಿಗಳಿಂದ ನಮ್ಮ ಜನಕ್ಕೆ ರಂಗಗೀತೆಯ ಹುಚ್ಚು ಹತ್ತಿತು. ಬಳ್ಳಾರಿಯ ಸುಭದ್ರಮ್ಮ ಮನ್ಸೂರು ಅವರು ರಂಗದ ಮೇಲೆ ನಿಂತು ದನಿಯೆತ್ತಿದರೆ, ತೂಕಡಿಸುತ್ತಿದ್ದ ಹಿಂದಿನ ಸಾಲಿನ ರೈತನೂ ನೆಟ್ಟಗೆ ಕುಳಿತುಕೊಳ್ಳುವನು. ಅವರು ೨೦೨೦ರಲ್ಲಿ ತೀರಿಕೊಂಡ ಸುದ್ದಿ ಬಂದ ದಿನ, ಕೊಟ್ಟೂರಿನ ನಮ್ಮ ವಯಸ್ಸಿನ ಮಿತ್ರರೊಬ್ಬರು ಮಾತಿಲ್ಲದೆ ಬಹಳ ಹೊತ್ತು ಕುಳಿತಿದ್ದು, ಕೊನೆಗೆ, “ನಮ್ಮಪ್ಪನ ಹೆಗಲ ಮೇಲೆ ಕೂತು ನೋಡಿದ್ದೆ” ಎಂದಷ್ಟೇ ಹೇಳಿದರು.

ಆಮೇಲೆ ರೇಡಿಯೋ. ಧಾರವಾಡದ ನಿಲಯವು ೧೯೫೦ರಲ್ಲಿಯೂ ಭದ್ರಾವತಿಯದು ೧೯೬೫ರಲ್ಲಿಯೂ ಆರಂಭವಾದುವು. ನಮ್ಮ ಬಾಲ್ಯದ ರಾತ್ರಿಗಳಲ್ಲಿ ಬಿತ್ತನೆಯ ಶೇಂಗಾ ಒಡೆಯಲು ಓಣಿಯ ಹೆಂಗಸರೆಲ್ಲ ಒಂದು ಪಡಸಾಲೆಯಲ್ಲಿ ಸೇರುತ್ತಿದ್ದರು, ಗೂಡಿನಲ್ಲಿ ರೇಡಿಯೋ. ೧೯೭೪ರ ‘ಉಪಾಸನೆ’ಯಲ್ಲಿ ವಾಣಿ ಜಯರಾಂ ಅವರು ಹಾಡಿದ ಗೀತೆಯಾಗಲಿ, ೧೯೭೭ರ ‘ಸನಾದಿ ಅಪ್ಪಣ್ಣ’ದಲ್ಲಿ ಬಿಸ್ಮಿಲ್ಲಾ ಖಾನರ ಶಹನಾಯಿಯ ಸಂಗಡ ಎಸ್. ಜಾನಕಿಯವರು ಹಾಡಿದ ಗೀತೆಯಾಗಲಿ ಬಂದಿತೆಂದರೆ, ಶೇಂಗಾ ಒಡೆಯುವ ಸದ್ದು ತಾನಾಗಿಯೇ ನಿಲ್ಲುತ್ತಿತ್ತು. ಹಾಡು ಮುಗಿದ ಮೇಲೆ ಯಾರೋ ಒಬ್ಬರು ನಿಟ್ಟುಸಿರು ಬಿಟ್ಟು, “ಹೂಂ, ನಡೀಲಿ ಕೈ” ಎನ್ನುವರು. ವಾಣಿಯವರು ಹುಟ್ಟಿದ್ದು ವೆಲ್ಲೂರಿನಲ್ಲಿ, ಜಾನಕಿಯವರು ಆಂಧ್ರದಲ್ಲಿ. ಆದರೂ ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ತರಗತಿಯಲ್ಲಿ ತಿಳಿಸುವಾಗ ನಾವು ಅವರ ಉಚ್ಚಾರಣೆಯನ್ನೇ ಮಾದರಿಯಾಗಿ ಹೇಳುತ್ತಿದ್ದೆವು. ೨೦೨೩ರಲ್ಲಿ ವಾಣಿಯವರು ಅಗಲಿದರೂ ಅವರ ಧ್ವನಿಗೆ ಅಳಿವಿಲ್ಲ, ಬೇಕೆಂದಾಗ ಕೇಳಬಹುದು.

ನಮ್ಮ ಚಿಂತೆಯಿರುವುದು ಬೇರೆಯವರ ವಿಷಯದಲ್ಲಿ. ಕೆಲವು ವರ್ಷಗಳ ಕೆಳಗೆ ಹಡಗಲಿಯಲ್ಲಿ ಒಂದು ಮದುವೆಗೆ ಹೋಗಿದ್ದೆವು. ಮಲ್ಲಿಗೆಯ ಊರಾದುದರಿಂದ ಮಂಟಪವೆಲ್ಲ ಘಮಘಮಿಸುತ್ತಿತ್ತು. ಆರತಿಯ ವೇಳೆಗೆ ಹಾಡಲು ಮನೆಯ ಹಿರಿಯಜ್ಜಿ ಇರಲಿಲ್ಲ. ಆ ವರ್ಷವೇ ತೀರಿಕೊಂಡಿದ್ದರು. ಇಬ್ಬರು ಸೊಸೆಯಂದಿರು ಎರಡು ನುಡಿಗಳನ್ನು ಹಾಡಿ, ಮೂರನೆಯದು ನೆನಪಾಗದೆ ಒಬ್ಬರ ಮುಖವನ್ನೊಬ್ಬರು ನೋಡಿ ನಿಂತರು. ಯಾರೋ ಮೊಬೈಲಿನಲ್ಲಿ ಸಿನಿಮಾ ಹಾಡೊಂದನ್ನು ಹಾಕಿದರು, ಆರತಿ ಮುಗಿಯಿತು. ಯಾರೂ ಏನೂ ಅನ್ನಲಿಲ್ಲ. ಆದರೆ ಮದುಮಗಳ ತಾಯಿ ಮಾತ್ರ ಕಣ್ಣೊರೆಸಿಕೊಂಡದ್ದನ್ನು ನಾವು ಕಂಡೆವು. ಆ ಮೂರನೆಯ ನುಡಿ ಇನ್ನು ಯಾವ ತಟ್ಟೆಯಲ್ಲಿಯೂ ಸಿಕ್ಕಲಾರದು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಹಾಡನ್ನು ಉಳಿಸುವುದು ಬಾಯಿ; ಧ್ವನಿಯನ್ನು ಉಳಿಸುವುದು ಯಂತ್ರ. ಭೀಮವ್ವನವರ ಕಾಲದಲ್ಲಿ ಎರಡನೆಯದು ದೊರೆಯಲಿಲ್ಲ. ಇಂದು ಅದು ಮನೆಮನೆಯ ಜೇಬಿನಲ್ಲಿದೆ. ನಿಮ್ಮ ಮನೆಯ ಹಿರಿಯಮ್ಮನನ್ನು ಕೂರಿಸಿ ಹಾಡಿಸಿರಿ, ಧ್ವನಿಯನ್ನು ಹಿಡಿಯಿರಿ. ಹಾಡನ್ನು ಒಂದು ವಹಿಯಲ್ಲಿ ಬರೆದು, ಯಾರಿಂದ ಕಲಿತದ್ದು, ಯಾವ ಸಮಯದಲ್ಲಿ ಹಾಡತಕ್ಕದ್ದು ಎಂಬುದನ್ನೂ ಮಗ್ಗುಲಲ್ಲಿ ಕಾಣಿಸಿರಿ. ಅವರು ಅಂದಂತೆಯೇ ಬರೆಯಿರಿ. ಗ್ರಂಥಭಾಷೆಗೆ ತಿದ್ದಲು ಹೋಗಬೇಡಿರಿ. ಜೀವಮಾನವೆಲ್ಲ ತಿದ್ದುವುದೇ ಉದ್ಯೋಗವಾಗಿದ್ದವರ ಮಾತಿದು. ಕೊನೆಯದಾಗಿ, ಮೊಮ್ಮಗಳನ್ನೂ ಪಕ್ಕದಲ್ಲಿ ಕೂರಿಸಿರಿ. ಯಂತ್ರವು ಹಾಡನ್ನು ಹಿಡಿದಿಟ್ಟೀತೇ ಹೊರತು, ಆರತಿಯ ತಟ್ಟೆಯನ್ನೆತ್ತಿ ಅದನ್ನು ಹಾಡಬೇಕಾದವಳು ಆ ಮಗುವೇ.