ಹತ್ತಿ ಗಿಡದ ಸಕ್ಕರೆ ಎಲ್ಲಿಗೆ ಹೋಗುತ್ತದೆ?

ಕಳೆದ ವರ್ಷ ರಾಯಚೂರು ಜಿಲ್ಲೆಯ ನಮ್ಮ ಎರೆಹೊಲದಲ್ಲಿ ಹತ್ತಿ ಎದೆಮಟ್ಟ ಬೆಳೆದಿತ್ತು. ದಾರಿಯಲ್ಲಿ ಹೋಗುವವರೆಲ್ಲ ನಿಂತು ಹೊಗಳಿದರು. ಬಿಡಿಸುವಾಗ ನೋಡಿದರೆ ಕಾಯಿ ಕಡಿಮೆ. ಬೀಜ, ಗೊಬ್ಬರದ ಸಾಲವೂ ಪೂರ್ತಿ ತೀರಲಿಲ್ಲ. "ಗಿಡ ಇಷ್ಟು ಛಲೋ ಇತ್ತಲ್ಲ, ಕಾಯಿ ಯಾಕ ಕಡಿಮಿ ಬಂತು?" ಎಂದು ಅಬ್ಬಾ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಈ ವರ್ಷ ಜೀವಶಾಸ್ತ್ರದ ಸಸ್ಯ ಹಾರ್ಮೋನುಗಳ ಪಾಠ ಓದುವಾಗ ಉತ್ತರ ಸಿಕ್ಕಿತು.

ಎಲೆಯು ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್‌ನಿಂದ ಸಕ್ಕರೆ ತಯಾರಿಸುತ್ತದೆ. ಆ ಸಕ್ಕರೆ ಫ್ಲೋಯಂ ಮೂಲಕ ಬೇರು, ಕಾಂಡ, ಚಿಗುರು, ಕಾಯಿಗಳಿಗೆ ಹಂಚಿಕೆಯಾಗುತ್ತದೆ. ಹತ್ತಿ ಮೂಲತಃ ಬಹುವಾರ್ಷಿಕ ಸಸ್ಯ. ಹೂ ಬಿಟ್ಟ ಮೇಲೂ ಅದರ ಕುಡಿ ಬೆಳೆಯುತ್ತಲೇ ಇರುತ್ತದೆ. ನೀರು, ಯೂರಿಯಾ ಹೆಚ್ಚಾದರೆ ಕಾಂಡ, ಎಲೆಗಳೇ ಸಕ್ಕರೆಯ ದೊಡ್ಡ ಪಾಲು ಪಡೆಯುತ್ತವೆ. ನೆರಳು ದಟ್ಟವಾಗಿ ಕೆಳಗಿನ ಮೊಗ್ಗು, ಎಳೆಗಾಯಿಗಳು ಉದುರುತ್ತವೆ. ಹತ್ತಿಯ ಒಂದೊಂದು ನಾರೂ ಬೀಜದ ಸಿಪ್ಪೆಯಿಂದ ಉದ್ದವಾಗಿ ಬೆಳೆದ ಒಂದೇ ಜೀವಕೋಶ. ಒಣಗಿದ ನಾರಿನಲ್ಲಿ ಶೇ. 90ಕ್ಕೂ ಹೆಚ್ಚು ಸೆಲ್ಯುಲೋಸ್ ಇರುತ್ತದೆ. ಸೆಲ್ಯುಲೋಸ್ ಆಗುವುದು ಇದೇ ಸಕ್ಕರೆಯಿಂದ.

ಇಲ್ಲಿ ಬೆಳವಣಿಗೆ ನಿಯಂತ್ರಕಗಳ ಕೆಲಸ ಬರುತ್ತದೆ. ಜಿಬ್ಬರೆಲಿನ್ ಎಂಬ ಹಾರ್ಮೋನು ಕಾಂಡದ ಕೋಶಗಳನ್ನು ಉದ್ದ ಮಾಡುತ್ತದೆ. ಮೆಪಿಕ್ವಾಟ್ ಕ್ಲೋರೈಡ್ ಸಿಂಪಡಿಸಿದರೆ ಗಿಡದಲ್ಲಿ ಜಿಬ್ಬರೆಲಿನ್ ತಯಾರಾಗುವುದು ಕಡಿಮೆಯಾಗುತ್ತದೆ. ಗೆಣ್ಣುಗಳ ನಡುವಿನ ಅಂತರ ಕುಗ್ಗುತ್ತದೆ, ಎಲೆ ದಪ್ಪಗೆ ಕಡುಹಸಿರಾಗುತ್ತದೆ, ಕೆಳಗಿನ ಎಲೆಗಳಿಗೂ ಬೆಳಕು ಸಿಗುತ್ತದೆ. ಕಾಂಡಕ್ಕೆ ಹೋಗುತ್ತಿದ್ದ ಸಕ್ಕರೆಯಲ್ಲಿ ಒಂದಷ್ಟು ಕಾಯಿಗಳಿಗೆ ಉಳಿಯುತ್ತದೆ. ರೈತರು ತುದಿಯ ಕುಡಿ ಚಿವುಟುವುದೂ ಗಿಡದ ಎತ್ತರ ತಡೆಯಲೆಂದೇ. ನ್ಯಾಫ್ತಲೀನ್ ಅಸಿಟಿಕ್ ಆಮ್ಲದ ಕೆಲಸ ಬೇರೆ. ಅದು ಆಕ್ಸಿನ್‌ನಂತೆ ವರ್ತಿಸಿ, ಮೊಗ್ಗು ಮತ್ತು ಕಾಯಿ ತೊಟ್ಟು ಕಳಚಿ ಬೀಳುವುದನ್ನು ಕಡಿಮೆ ಮಾಡುತ್ತದೆ.

ಆದರೆ ಸ್ನೇಹಿತರೇ, ಇವು ಗೊಬ್ಬರವಲ್ಲ. ಗಿಡಕ್ಕೆ ಆಹಾರ ಕೊಡುವುದಿಲ್ಲ, ಇರುವ ಆಹಾರದ ಹಂಚಿಕೆಯನ್ನು ಬದಲಿಸುತ್ತವೆ. ನೀರಿಲ್ಲದೆ ಬಾಡಿದ ಗಿಡದ ಬೆಳವಣಿಗೆ ತಾನಾಗಿಯೇ ನಿಂತಿರುತ್ತದೆ. ಅದಕ್ಕೆ ಮೆಪಿಕ್ವಾಟ್ ಹೊಡೆದರೆ ಗಿಡ ಇನ್ನಷ್ಟು ಕುಗ್ಗಿ, ಕಾಯಿ ಹಿಡಿಯುವ ಗೆಣ್ಣುಗಳೇ ಕಡಿಮೆಯಾಗಬಹುದು.

ಈ ಸಲ ಮಳೆ ಕೈಕೊಟ್ಟಾಗ ಪಕ್ಕದ ಹೊಲದವರನ್ನು ನೋಡಿ ಅಬ್ಬಾ ಕೂಡ ಒಂದು ಬಾಟಲಿ ತಂದಿದ್ದರು. ಇಬ್ಬರೂ ಹೊಲಕ್ಕೆ ಹೋಗಿ ಗೆಣ್ಣುಗಳ ಅಂತರವನ್ನು ಬೆರಳಿನಿಂದ ಅಳೆದೆವು. ಎರಡು ಬೆರಳೂ ಇರಲಿಲ್ಲ. ಬಾಟಲಿ ಈಗ ಅಟ್ಟದ ಮೇಲಿದೆ. ಮಳೆ ಬಂದು ಗಿಡ ಚಿಗುರಿದರೆ, ರೈತ ಸಂಪರ್ಕ ಕೇಂದ್ರದಲ್ಲಿ ಪ್ರಮಾಣ ಕೇಳಿಕೊಂಡೇ ಅದನ್ನು ಕೆಳಗಿಳಿಸುತ್ತೇವೆ.