ಫೆಬ್ರವರಿ 28: ಚಿನ್ನದಂಥ ದಿನ!

ಕ್ಯಾಲೆಂಡರಿನ ಕೆಲವು ತಾರೀಖುಗಳಿಗೆ ಒಂದೇ ಕೆಲಸ ಸಾಲದು. ಫೆಬ್ರವರಿ 28 ಅಂಥದ್ದು. ಸಂಬಳದಾರರಿಗೆ ಅದು ಬೇಗ ಬರುವ ತಿಂಗಳ ಕೊನೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪರೀಕ್ಷೆ ಹೊಸ್ತಿಲಿಗೆ ಬಂತೆಂಬ ಎಚ್ಚರಿಕೆ. ಶಾಲೆಯ ನೋಟಿಸ್ ಬೋರ್ಡಿಗೆ ರಾಷ್ಟ್ರೀಯ ವಿಜ್ಞಾನ ದಿನ. ದೆಹಲಿಗೆ ಬಹುಕಾಲ ಅದು ಬಜೆಟ್ಟಿನ ದಿನವೂ ಆಗಿತ್ತು.

ಕೋಲಾರ ಜಿಲ್ಲೆಯ ಆಂಡರ್ಸನ್‌ಪೇಟೆ, ರಾಬರ್ಟ್‌ಸನ್‌ಪೇಟೆ, ಚಾಂಪಿಯನ್ ರೀಫ್, ಮಾರಿಕುಪ್ಪಂಗಳಲ್ಲಿ ಈ ತಾರೀಖಿಗೆ ಇನ್ನೊಂದು ಅರ್ಥವಿದೆ: ಚಿನ್ನದ ಗಣಿ ಬಾಗಿಲು ಹಾಕಿದ ದಿನ. ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ‘ಇತಿಹಾಸದಲ್ಲಿ ಈ ದಿನ’ ಓದುವ ಮಕ್ಕಳಿಗೆ ಮೊದಲಿನವು ಸಿಗುತ್ತವೆ. ಕೊನೆಯದು ಸಿಗುವುದು ಅಪರೂಪ. ಹಾಗಾಗಿ ಎಲ್ಲವನ್ನೂ ಒಟ್ಟಿಗಿಟ್ಟು ನೋಡೋಣ.

ಬೆಳಕು ಮತ್ತು ಕತ್ತಲು

1928ರ ಫೆಬ್ರವರಿ 28. ಕಲ್ಕತ್ತೆಯ ಪ್ರಯೋಗಾಲಯದಲ್ಲಿ ಸಿ.ವಿ. ರಾಮನ್ ಅವರು ‘ರಾಮನ್ ಪರಿಣಾಮ’ವನ್ನು ಕಂಡುಕೊಂಡರು. ಪಾರದರ್ಶಕ ವಸ್ತುವಿನ ಮೂಲಕ ಹಾಯುವ ಬೆಳಕು ಚದುರುವಾಗ ಅದರಲ್ಲಿ ಅತಿ ಸಣ್ಣ ಪಾಲು ತನ್ನ ಬಣ್ಣವನ್ನೇ ಬದಲಿಸುತ್ತದೆ ಎಂಬುದು ಅದರ ಸಾರ. 1930ರಲ್ಲಿ ನೊಬೆಲ್ ಬಂತು. 1933ರಲ್ಲಿ ರಾಮನ್ ಬೆಂಗಳೂರಿಗೆ ಬಂದು ಇಲ್ಲಿಯವರೇ ಆದರು. 1987ರಿಂದ ಈ ದಿನ ರಾಷ್ಟ್ರೀಯ ವಿಜ್ಞಾನ ದಿನ. ಅಂದು ಗಣ್ಯರು ದೀಪ ಬೆಳಗಿಸಿ ಬೆಳಕಿನ ಚದುರುವಿಕೆಯ ಬಗ್ಗೆ ಮಾತಾಡುತ್ತಾರೆ. ಭಾಷಣ ಉದ್ದವಾದರೆ ಮಕ್ಕಳೂ ಅದನ್ನು ಪ್ರಯೋಗ ಮಾಡಿ ತೋರಿಸುತ್ತಾರೆ.

ರಾಮನ್ ಬೆಳಕಿನಲ್ಲಿ ಕಂಡರೆ, ಗಣಿಯವರು ಕತ್ತಲಲ್ಲಿ ಕಂಡರು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯೊಳಗೆ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ವಿಜ್ಞಾನಿಗಳು ಉಪಕರಣ ಹೂಡಿದ್ದರು. ಅವರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾಲಯದವರು. ಆಕಾಶದಿಂದ ಸುರಿಯುವ ವಿಶ್ವಕಿರಣಗಳನ್ನು ಅಷ್ಟು ದಪ್ಪದ ಬಂಡೆ ತಡೆಯುತ್ತದೆ. ನ್ಯೂಟ್ರಿನೋ ಎಂಬ ಕಣ ಮಾತ್ರ ಅದಕ್ಕೂ ಜಗ್ಗದೆ ತೂರಿ ಬರುತ್ತದೆ. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ಜಗತ್ತಿಗೆ ಮೊದಲು ಸಿಕ್ಕಿದ್ದು ಇಲ್ಲಿ ಮತ್ತು ಹೆಚ್ಚುಕಡಿಮೆ ಅದೇ ಸಮಯದಲ್ಲಿ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ. 1950ರ ದಶಕದ ಆರಂಭದಲ್ಲೇ ಇದೇ ಗಣಿಗಳಿಗಿಳಿದು ವಿಶ್ವಕಿರಣಗಳನ್ನು ಅಳೆದವರಲ್ಲಿ ಒಬ್ಬರು ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್. ಭೂಮಿಯನ್ನೇ ತೂರಿ ಹೋಗುವ ಕಣವನ್ನು ಹಿಡಿದ ಊರಿಗೆ ದೆಹಲಿಯ ಕಡತಗಳನ್ನು ತೂರುವ ವಿದ್ಯೆ ಮಾತ್ರ ಒಲಿಯಲಿಲ್ಲ ಎಂಬುದು ಬೇರೆ ಮಾತು.

ಹದಿನಾಲ್ಕು ಕ್ಯಾರೆಟ್ಟಿನ ಕಾಲ

1963ರ ಫೆಬ್ರವರಿ 28ರಂದು ದೇಶದ ಮೊದಲ ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದ್ ಪಟ್ನಾದಲ್ಲಿ ತೀರಿಕೊಂಡರು. ಚೀನಾ ಯುದ್ಧದ ಗಾಯ ಇನ್ನೂ ಹಸಿಯಾಗಿದ್ದ ದಿನಗಳವು. ವಿದೇಶಿ ವಿನಿಮಯದ ಬೊಕ್ಕಸ ಸೊರಗಿತ್ತು, ಚಿನ್ನದ ಕಳ್ಳಸಾಗಣೆ ಕೊಬ್ಬಿತ್ತು. ಅರ್ಥ ಸಚಿವ ಮೊರಾರ್ಜಿ ದೇಸಾಯಿ ಅವರು ಆ ಜನವರಿಯಲ್ಲಷ್ಟೇ ಚಿನ್ನ ನಿಯಂತ್ರಣದ ನಿಯಮ ತಂದಿದ್ದರು: ಇನ್ನು ಮುಂದೆ ಒಡವೆ ಮಾಡುವುದಾದರೆ 14 ಕ್ಯಾರೆಟ್ ಮೀರಬಾರದು! ಅಕ್ಕಸಾಲಿಗರ ಕುಲುಮೆಗಳು ತಣ್ಣಗಾದವು. ಮದುವೆ ಗೊತ್ತಾಗಿದ್ದ ಮನೆಗಳಲ್ಲಿ ತಾಳಿಗೂ ಸರ್ಕಾರದ ಲೆಕ್ಕವೇ ಎಂಬ ಗೊಣಗಾಟ ಎದ್ದಿತು.

ತಮಾಷೆಯೆಂದರೆ, ಕೋಲಾರದ ಗಣಿಗಳನ್ನು ಕೇಂದ್ರ ಸರ್ಕಾರ ತನ್ನ ಕೈಗೆ ತೆಗೆದುಕೊಂಡದ್ದೂ 1962ರ ಕೊನೆಯಲ್ಲೇ. ಅಂದರೆ ಒಂದು ಕೈ ಭೂಮಿಯಿಂದ ಚಿನ್ನ ತೆಗೆಯುತ್ತಿತ್ತು, ಇನ್ನೊಂದು ಕೈ ‘ಹಾಕಿಕೊಳ್ಳಬೇಡಿ’ ಎಂದು ಅಡ್ಡ ಹಿಡಿಯುತ್ತಿತ್ತು. ಗಣಿಯ ಚಿನ್ನಕ್ಕೆ ಪೇಟೆಯ ಬೆಲೆಯೂ ಇರಲಿಲ್ಲ. ಬಹುಕಾಲ ಅದನ್ನು ಪೇಟೆಗಿಂತ ಕಡಿಮೆಯಿದ್ದ ಅಧಿಕೃತ ದರಕ್ಕೇ ಸರ್ಕಾರಕ್ಕೆ ಒಪ್ಪಿಸಬೇಕಿತ್ತು. ಆಮೇಲೆ ಅದೇ ಸರ್ಕಾರ ಗಣಿಯ ನಷ್ಟದ ಲೆಕ್ಕ ಕೇಳುತ್ತಿತ್ತು.

ಮೊರಾರ್ಜಿಯವರು ಹುಟ್ಟಿದ್ದು 1896ರ ಫೆಬ್ರವರಿ 29ರಂದು. ನಾಲ್ಕು ವರ್ಷಕ್ಕೊಮ್ಮೆ ಬರುವ ಹುಟ್ಟುಹಬ್ಬದಲ್ಲೂ ಮಿತವ್ಯಯ! 1968ರಲ್ಲಿ ಅವರು ಅದೇ ದಿನ ಬಜೆಟ್ ಮಂಡಿಸಿದರು. ಚಿನ್ನ ನಿಯಂತ್ರಣ ಕಾಯ್ದೆ ಪಾಸಾದದ್ದೂ ಅದೇ ವರ್ಷ. ಅದು ರದ್ದಾಗಲು 1990 ಬರಬೇಕಾಯಿತು.

ಲಂಡನ್ನಿನ ಗಡಿಯಾರ

ಬ್ರಿಟಿಷರು ಹೋದ ಮೇಲೂ ಅರ್ಧ ಶತಮಾನ ನಮ್ಮ ಬಜೆಟ್ ಸಂಜೆ ಐದಕ್ಕೇ ಮಂಡನೆಯಾಗುತ್ತಿತ್ತು. ಆಗ ಲಂಡನ್ನಿನಲ್ಲಿ ಇನ್ನೂ ಮಧ್ಯಾಹ್ನದೊಳಗಿನ ಹೊತ್ತು, ಆಳುವವರಿಗೆ ಅನುಕೂಲ. ಈ ಪದ್ಧತಿಯನ್ನು ಬೆಳಿಗ್ಗೆ 11ಕ್ಕೆ ಬದಲಿಸಿದವರು ಯಶವಂತ ಸಿನ್ಹಾ, 1999ರಲ್ಲಿ.

ಚಿನ್ನಕ್ಕೂ ಲಂಡನ್ನಿಗೂ ನಂಟು ಹಳೆಯದು. 1880ರಿಂದ ಗಣಿ ನಡೆಸಿದ ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಕೋಲಾರದ ಚಿನ್ನದ ಗಟ್ಟಿಗಳು ಹಡಗು ಹತ್ತಿ ಅಲ್ಲಿಗೇ ಹೋಗುತ್ತಿದ್ದವು. ಚಿನ್ನ ತೆಗೆಯುವುದಕ್ಕಾಗಿಯೇ 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ತಂತಿ ಬಂತು. ಬೆಂಗಳೂರಿನ ಬೀದಿಗಳಿಗೆ ಅದು ತಲುಪಿದ್ದು 1905ರಲ್ಲಿ. 1991ರಲ್ಲಿ ವಿದೇಶಿ ವಿನಿಮಯ ಬತ್ತಿದಾಗ ಸ್ವತಂತ್ರ ಭಾರತವೂ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಅಡವಿಟ್ಟಿತು. ಕಷ್ಟ ಬಂದಾಗ ಒಡವೆ ಗಿರವಿ ಇಡುವ ಮನೆಯ ಬುದ್ಧಿಯನ್ನೇ ಸರ್ಕಾರವೂ ತೋರಿಸಿತು. ಮರುವರ್ಷ, 1992ರ ಫೆಬ್ರವರಿ 29ರಂದು, ಮನಮೋಹನ ಸಿಂಗ್ ಅವರು ಹೊರದೇಶದಿಂದ ಮರಳುವ ಭಾರತೀಯರು ಐದು ಕಿಲೋವರೆಗೆ ಚಿನ್ನ ತರಬಹುದೆಂದರು. ಚಿನ್ನ ನಿಷಿದ್ಧ ವಸ್ತುವಲ್ಲ, ಸ್ವಾಗತಾರ್ಹ ಅತಿಥಿ ಎಂದಾಯಿತು.

ಆ ಬುಧವಾರ

ಈಗ 2001ರ ಫೆಬ್ರವರಿ 28, ಬುಧವಾರ. ಅಂದು ದೆಹಲಿಯಲ್ಲಿ ಯಶವಂತ ಸಿನ್ಹಾ ಬಜೆಟ್ ಓದಿದರು. ಕಳ್ಳಸಾಗಣೆ ತಡೆಯಲೆಂದು ಚಿನ್ನದ ಆಮದು ಸುಂಕವನ್ನು 10 ಗ್ರಾಂಗೆ 400 ರೂಪಾಯಿಯಿಂದ 250ಕ್ಕೆ ಇಳಿಸಿದರು. ಅದೇ ಭಾಷಣದಲ್ಲಿ ಇನ್ನೊಂದು ಸಲಹೆಯೂ ಇತ್ತು: ಕಾರ್ಮಿಕರನ್ನು ತೆಗೆದುಹಾಕಲು ಸರ್ಕಾರದ ಅನುಮತಿ ಬೇಕೆಂಬ ನಿಯಮ 100 ಜನರಿರುವ ಕಾರ್ಖಾನೆಗಲ್ಲ, 1000 ಜನರಿರುವ ಕಾರ್ಖಾನೆಗೆ ಅನ್ವಯಿಸಿದರೆ ಸಾಕು. ಆ ಸಲಹೆ ಆಗ ಕಾಯ್ದೆಯಾಗಲಿಲ್ಲ.

ಅದೇ ಬುಧವಾರ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್‌ನ ಗಣಿಗಳಿಗೆ ಕೊನೆಯ ದಿನ. ಹೊರಗಿನ ಚಿನ್ನ ಅಗ್ಗವಾದ ದಿನವೇ ಒಳಗಿನ ಚಿನ್ನ ನಿಂತಿತು. ಯಾರೂ ಬೇಕೆಂದು ಹೊಂದಿಸಿದ ಮುಹೂರ್ತವಲ್ಲ ಅದು; ಪಂಚಾಂಗ ನೋಡಿಸಿದ್ದರೂ ಇಷ್ಟು ಕರಾರುವಾಕ್ಕಾಗಿ ಕೂಡಿ ಬರುತ್ತಿರಲಿಲ್ಲ.

ಗಣಿ ಮುಚ್ಚಿದ್ದಕ್ಕೆ ಕಾರಣಗಳಿರಲಿಲ್ಲವೆಂದಲ್ಲ. ಸುಮಾರು ಮೂರು ಕಿಲೋಮೀಟರ್ ಆಳಕ್ಕೆ ಇಳಿದು, ಸುಡುವ ಬಂಡೆ ಕೊರೆದು ಮೇಲೆ ತಂದ ಒಂದು ಟನ್ ಅದಿರಿನಲ್ಲಿ ಕೊನೆಕೊನೆಗೆ ಸಿಗುತ್ತಿದ್ದುದು ಮೂರು ಗ್ರಾಂ ಆಸುಪಾಸು. ಚಿನ್ನ ಮಾರಿ ಬಂದ ಹಣ ಅದನ್ನು ತೆಗೆದ ಖರ್ಚಿಗೆ ಸಾಲುತ್ತಿರಲಿಲ್ಲ. ಲೆಕ್ಕಪುಸ್ತಕ ಹೇಳಿದ್ದು ಸುಳ್ಳಲ್ಲ. ಆದರೆ ಲೆಕ್ಕಪುಸ್ತಕದಲ್ಲಿ ಮನೆಗಳಿಗೆ ಕಾಲಂ ಇರುವುದಿಲ್ಲ. ಒಂದು ಕಾಲಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ದುಡಿದ ಗಣಿಯಲ್ಲಿ ಆ ದಿನ ಉಳಿದಿದ್ದವರು ಮೂರು ಸಾವಿರಕ್ಕೂ ಹೆಚ್ಚು. ಪರೀಕ್ಷೆ ಎದುರಿಗಿದ್ದಾಗ ಅಪ್ಪನ ಕೆಲಸ ಹೋದ ಮನೆಗಳಲ್ಲಿ ಮಕ್ಕಳು ಯಾವ ಪಾಠ ಕಲಿತರೆಂದು ಯಾವ ಬಜೆಟ್ಟೂ ಲೆಕ್ಕ ಹಾಕಲಿಲ್ಲ.

ಪಂಪುಗಳು ನಿಂತವು, ಸುರಂಗಗಳಿಗೆ ನೀರು ತುಂಬಿತು. ಗಣಿಯ ಷಿಫ್ಟಿನ ಬದಲು ರೈಲಿನ ವೇಳಾಪಟ್ಟಿ ಬಂತು. ಮಾರಿಕುಪ್ಪಂನಿಂದ ಹೊರಟು ಬಂಗಾರಪೇಟೆ ಹಾದು ಬೆಂಗಳೂರು ಸೇರುವ ರೈಲುಗಳಲ್ಲಿ ಗಣಿ ಕಾರ್ಮಿಕರ ಮಕ್ಕಳು ದಿನವೂ ದುಡಿಮೆಗೆ ಹೋಗಿ ಬರತೊಡಗಿದರು. ತಾತ ಕೆಳಕ್ಕೆ ಇಳಿದು ಕೂಲಿ ತಂದರೆ, ಮೊಮ್ಮಗ ನೂರು ಕಿಲೋಮೀಟರ್ ಅಡ್ಡಕ್ಕೆ ಹೋಗಿ ತರುತ್ತಾನೆ.

ಮತಪೆಟ್ಟಿಗೆಯ ಗಣಿ

ಆಮೇಲೆ ಗಣಿ ಎಷ್ಟೋ ಸಲ ತೆರೆದಿದೆ, ಭಾಷಣಗಳಲ್ಲಿ. ಚುನಾವಣೆ ಬಂತೆಂದರೆ ಶಾಫ್ಟಿನ ಬೀಗದ ಕೈ ಎಲ್ಲ ಪಕ್ಷಗಳ ಜೇಬಿನಲ್ಲೂ ಇರುತ್ತದೆ. ಫಲಿತಾಂಶದ ಮರುದಿನ ಎಲ್ಲಿಟ್ಟೆವೆಂದು ಯಾರಿಗೂ ನೆನಪಿರುವುದಿಲ್ಲ. ಗಣಿಯ ತ್ಯಾಜ್ಯ ರಾಶಿಯಾಗಿ ಬಿದ್ದಿರುವ ಸೈನೈಡ್ ಗುಡ್ಡಗಳಿಂದ ಅಳಿದುಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಅಷ್ಟರವರೆಗೂ ಗುಡ್ಡದ ದೂಳು ಮಾತ್ರ ಗಾಳಿ ಬಂದಾಗಲೆಲ್ಲ ತಪ್ಪದೆ ಜನಸಂಪರ್ಕ ನಡೆಸಿಕೊಂಡು ಬಂದಿದೆ.

ಒಂದು ಲೆಕ್ಕವನ್ನು ಮಕ್ಕಳು ಬರೆದಿಟ್ಟುಕೊಳ್ಳಬಹುದು. ಕೋಲಾರದ ಗಣಿಗಳು 120 ವರ್ಷಗಳಲ್ಲಿ ಕೊಟ್ಟ ಚಿನ್ನ ಸುಮಾರು 800 ಟನ್. ಇತ್ತೀಚಿನ ವರ್ಷಗಳಲ್ಲಿ ಭಾರತ ಹೊರಗಿನಿಂದ ತರಿಸುವ ಚಿನ್ನ ವರ್ಷಕ್ಕೆ ಏಳೆಂಟು ನೂರು ಟನ್. ನಾಲ್ಕು ತಲೆಮಾರು ಅಗೆದದ್ದನ್ನು ದೇಶ ಈಗ ಒಂದೇ ವರ್ಷದಲ್ಲಿ ಕೊಳ್ಳುತ್ತದೆ.

2017ರಿಂದ ಬಜೆಟ್ ಫೆಬ್ರವರಿ 1ಕ್ಕೆ ಹೋಯಿತು. ಫೆಬ್ರವರಿ 28ರ ಪಾಲಿಗೆ ಈಗ ಉಳಿದಿರುವುದು ರಾಮನ್ ಮತ್ತು ಗಣಿ. ವಿಜ್ಞಾನ ದಿನದ ಭಾಷಣಕ್ಕೆ ತಯಾರಾಗುವ ಆಂಡರ್ಸನ್‌ಪೇಟೆಯ ಹುಡುಗ ಹುಡುಗಿಯರು ರಾಮನ್ ಬಗ್ಗೆ ಪುಸ್ತಕ ನೋಡಲಿ; ಗಣಿಯ ಬಗ್ಗೆ ಮನೆಯಲ್ಲಿ ತಾತನನ್ನು ಕೇಳಲಿ. ಯಾವ ಶಾಫ್ಟಿನಲ್ಲಿ ಇಳಿಯುತ್ತಿದ್ದರು, ಆ ಬುಧವಾರ ಮನೆಗೆ ಬಂದು ಏನೆಂದರು ಎಂದು. ಅದಕ್ಕೆ ಪರೀಕ್ಷೆಯಲ್ಲಿ ಅಂಕ ಸಿಗುವುದಿಲ್ಲ, ನಿಜ. ಆದರೆ ಕೇಳುವವರಿದ್ದಾಗಲೇ ಹೇಳುವವರೂ ಇರಬೇಕಲ್ಲ. ಆ ಷಿಫ್ಟೂ ಮುಗಿಯುತ್ತಾ ಬಂದಿದೆ.