ಪದಸಂಗ್ರಹದ ದತ್ತಸಂಚಯ: ಸೇರಿಸುವ ಕ್ರಮ, ತಿದ್ದುವ ಕ್ರಮ

ಗಡಿನಾಡಿನ ಆಡುಮಾತುಗಳನ್ನು ಕೂಡಿಹಾಕುವ ಕಾರ್ಯಕ್ಕೆ ನಮ್ಮ ಅಧ್ಯಾಪಕ ಬಂಧುಗಳಲ್ಲಿ ಹಲವರು ಕೈಹಾಕಿರುವುದು ಸಂತೋಷದ ಸಂಗತಿ. ಹಿಂದಿನವರಿಗೆ ಇದಕ್ಕೆ ಚೀಟಿಗಳೇ ಸಾಧನವಾಗಿದ್ದುವು. ಕಿಟೆಲರ ನಿಘಂಟು ಮಂಗಳೂರಿನಲ್ಲಿ ಅಚ್ಚಾದುದು 1894ರಲ್ಲಿ. ಅದನ್ನು ಪರಿಷ್ಕರಿಸಿ, ವಿಸ್ತರಿಸಿ ಮರಿಯಪ್ಪ ಭಟ್ಟರು ಮದರಾಸು ವಿಶ್ವವಿದ್ಯಾನಿಲಯದ ಮೂಲಕ ಹೊರತಂದುದು 1968ರಿಂದ 1971ರ ಅವಧಿಯಲ್ಲಿ. ಪರಿಷ್ಕರಣ ಬೇರೆ, ವಿಸ್ತರಣ ಬೇರೆ. ಹೊಸ ಚೀಟಿಯನ್ನು ಪೆಟ್ಟಿಗೆಗೆ ಹಾಕುವುದು ಒಂದು ಕೆಲಸ, ಇದ್ದ ಚೀಟಿಯನ್ನು ತಿದ್ದುವುದು ಇನ್ನೊಂದು. ಚೀಟಿಯನ್ನು ತಿದ್ದುವವನ ಕೈಯಲ್ಲಿ ಒಂದು ಸಲಕ್ಕೆ ಒಂದೇ ಚೀಟಿ ಇರುತ್ತಿತ್ತು. ಗಣಕಯಂತ್ರದಲ್ಲಾದರೋ ಒಂದೇ ವಾಕ್ಯ ಪೆಟ್ಟಿಗೆಯ ಎಲ್ಲ ಚೀಟಿಗಳನ್ನೂ ಒಮ್ಮೆಗೇ ತಿದ್ದಬಲ್ಲುದು. ಈ ಭೇದವನ್ನು ನಾವು ನಷ್ಟ ಅನುಭವಿಸಿಯೇ ಅರಿತೆವು.

ದತ್ತಸಂಚಯವೆಂದರೆ ಕೋಷ್ಟಕಗಳ ಕೂಟ. ಈ ಬಗೆಯ ಸಂಬಂಧಾತ್ಮಕ ಏರ್ಪಾಟನ್ನು ಕಾಡ್ ಎಂಬ ವಿದ್ವಾಂಸರು 1970ರಲ್ಲಿ ಪ್ರತಿಪಾದಿಸಿದರು; ಅದರೊಡನೆ ಮಾತಾಡುವ ಎಸ್‌ಕ್ಯೂಎಲ್ ಭಾಷೆ ಆ ಬಳಿಕ ಹುಟ್ಟಿತು. ನಮ್ಮ ಕೋಷ್ಟಕದಲ್ಲಿ ಕ್ರಮಾಂಕ, ಪದ, ಅರ್ಥ, ಊರು, ಹೇಳಿದವರು, ಟಿಪ್ಪಣಿ ಎಂಬ ಅಂಕಣಗಳಿವೆ. ಪೈಥಾನ್ ಭಾಷೆಯ ಒಂದು ಸಣ್ಣ ಪ್ರೋಗ್ರಾಮು, ಎಸ್‌ಕ್ಯೂಲೈಟ್ ಎಂಬ ದತ್ತಸಂಚಯ: ಇಷ್ಟೇ ನಮ್ಮ ಸಾಮಗ್ರಿ. ಶಾಲೆಯ ಸಾಮಾನ್ಯ ಗಣಕದಲ್ಲಿ ಇದು ಧಾರಾಳವಾಗಿ ನಡೆಯುತ್ತದೆ.

ಸೇರಿಸಲು ‘ಇನ್ಸರ್ಟ್’ ಎಂಬ ಆದೇಶವುಂಟು. ಇಲ್ಲಿ ಎಚ್ಚರದ ಮಾತು ಒಂದೇ. ಪದವನ್ನೂ ಅರ್ಥವನ್ನೂ ಪ್ರೋಗ್ರಾಮಿನಲ್ಲಿ ದಾರಕ್ಕೆ ಹೂ ಪೋಣಿಸಿದಂತೆ ಆದೇಶದ ವಾಕ್ಯಕ್ಕೇ ಪೋಣಿಸತಕ್ಕದ್ದಲ್ಲ. ಅರ್ಥ ಬರೆಯುವಾಗ ಯಾರಾದರೂ ಒಂಟಿ ಉದ್ಧರಣ ಚಿಹ್ನೆ ಹಾಕಿದರೆ ಬೆಲೆ ಅಲ್ಲಿಗೇ ಮುಗಿಯಿತೆಂದು ಯಂತ್ರ ತಿಳಿಯುತ್ತದೆ. ದುರುದ್ದೇಶವುಳ್ಳವನು ಅದೇ ಸಂದಿಯಲ್ಲಿ ತನ್ನ ಆದೇಶವನ್ನು ತೂರಿಸಬಲ್ಲನು. ಆದುದರಿಂದ ವಾಕ್ಯದಲ್ಲಿ ಬೆಲೆಗಳ ಸ್ಥಾನಕ್ಕೆ ಪ್ರಶ್ನಚಿಹ್ನೆಗಳನ್ನಿಟ್ಟು, ಬೆಲೆಗಳನ್ನು ಪ್ರತ್ಯೇಕವಾಗಿ ಒಪ್ಪಿಸಬೇಕು. ಆಗ ಅವು ಬೆಲೆಗಳಾಗಿಯೇ ಉಳಿಯುತ್ತವೆ, ಆದೇಶವಾಗುವುದಿಲ್ಲ.

ಇನ್ನು ಒಂದು ದಾಖಲೆಯನ್ನು ಇನ್ನೊಂದರಿಂದ ಬೇರ್ಪಡಿಸುವ ಗುರುತು ಯಾವುದು? ಪದವೇ ಗುರುತೆಂದು ನಾವು ಮೊದಲು ಬಗೆದಿದ್ದೆವು. ತಾಳವಾಡಿಯ ಸ್ನೇಹಿತರೊಬ್ಬರು ಕಳುಹಿಸಿದ ಪಟ್ಟಿಯಲ್ಲಿ ‘ಗುಡ್ಡೆ’ ಬಂತು. ಅವರಲ್ಲಿ ಅದು ರಾಶಿ. ಕಾಸರಗೋಡಿನ ನಮಗೆ ಗುಡ್ಡೆಯೆಂದರೆ ಬೆಟ್ಟ. ಪದವೊಂದೇ ಗುರುತಾದರೆ ಇವೆರಡರಲ್ಲಿ ಒಂದಕ್ಕೆ ಎಡೆಯಿಲ್ಲ. ಬರವಣಿಗೆಯ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ‘ಕೋಣೆ’ ಎಂಬಲ್ಲಿಯ ಓತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತದಿಂದಲೂ ಬರೆಯಬಹುದು, ಎತ್ವ, ಕೊಂಬು, ದೀರ್ಘ ಎಂಬ ಮೂರು ಸಂಕೇತಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಬೈಟುಗಳನ್ನು ಹೋಲಿಸುವ ಎಸ್‌ಕ್ಯೂಲೈಟಿಗೆ ಎರಡು ಬೇರೆ ಪದಗಳು. ಸೇರಿಸುವ ಮುನ್ನ ಎಲ್ಲವನ್ನೂ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದುಕೊಂಡರೆ ಈ ತೊಡಕು ನಿವಾರಣೆಯಾಗುತ್ತದೆ. (ಅಕ್ಷರಗಣನೆಯಲ್ಲಿಯೂ ಯಂತ್ರಕ್ಕೂ ನಮಗೂ ಒಮ್ಮತವಿಲ್ಲ. ‘ಬಚ್ಚಂಗಾಯಿ’ ನಮಗೆ ನಾಲ್ಕು ಅಕ್ಷರ. ಯೂನಿಕೋಡಿನಲ್ಲಿ ಅದು 9 ಸಂಕೇತ, ಯುಟಿಎಫ್-8ರಲ್ಲಿ 27 ಬೈಟು.) ಇಷ್ಟಾದರೂ ಪ್ರತಿಯೊಂದು ದಾಖಲೆಗೂ ಅರ್ಥವಿಲ್ಲದ, ಎಂದೂ ಬದಲಾಗದ ಒಂದು ಕ್ರಮಾಂಕವನ್ನು ಕೊಡುವುದೇ ಲೇಸು.

ಈಗ ತಿದ್ದುಪಡಿ. ‘ಅಪ್‌ಡೇಟ್ ಪದಗಳು ಸೆಟ್ ಊರು = ? ವೇರ್ ಕ್ರಮಾಂಕ = ?’ ಎಂಬುದು ಸರಿಯಾದ ವಾಕ್ಯ. ‘ವೇರ್’ ಎಂಬಲ್ಲಿಂದ ಮುಂದಿನ ಭಾಗವನ್ನು ಬಿಟ್ಟರೂ ವ್ಯಾಕರಣ ಕೆಡುವುದಿಲ್ಲ, ಯಂತ್ರ ಆಕ್ಷೇಪಿಸುವುದಿಲ್ಲ. ಎಲ್ಲ ಸಾಲುಗಳನ್ನೂ ತಿದ್ದಿಬಿಡುತ್ತದೆ. ಕುಂಬಳೆಯೆಂದು ತಪ್ಪಾಗಿ ನಮೂದಾದ ಒಂದೇ ಒಂದು ಪದದ ಊರನ್ನು ಮಂಜೇಶ್ವರವೆಂದು ತಿದ್ದಲು ಹೊರಟ ನಾವು ಒಂದು ಸಂಜೆ ಹಾಗೆಯೇ ಬಿಟ್ಟೆವು. ಬದಿಯಡ್ಕದ ಪದ, ಅಡೂರಿನ ಪದ, ತಾಳವಾಡಿಯ ಆ ‘ಗುಡ್ಡೆ’ ಸಹಿತ ಎಲ್ಲವೂ ಮಂಜೇಶ್ವರದ್ದಾದುವು. ಆಡುಮಾತಿನ ಸಂಗ್ರಹದಲ್ಲಿ ಊರು ಅಳಿಸಿಹೋದರೆ ಉಳಿಯುವುದೇನು? ತಪ್ಪು ಬೇರೆ ಯಾರದೂ ಅಲ್ಲ, ನಮ್ಮದೇ.

ತಡೆಯುವ ಉಪಾಯ ಯಂತ್ರದಲ್ಲಿಯೇ ಇತ್ತು. ಪೈಥಾನಿನ ರೂಢಿಯ ಏರ್ಪಾಟಿನಲ್ಲಿ ಸೇರಿಕೆಯಾಗಲಿ ತಿದ್ದುಪಡಿಯಾಗಲಿ ‘ಕಮಿಟ್’ ಎನ್ನುವವರೆಗೆ ಸ್ಥಿರವಾಗುವುದಿಲ್ಲ; ‘ರೋಲ್‌ಬ್ಯಾಕ್’ ಎಂದರೆ ಮೊದಲಿನಂತಾಗುತ್ತದೆ. (ಕಮಿಟ್ ಮರೆತು ಮುಚ್ಚಿದವರ ದಿನದ ದುಡಿಮೆ ಮಾಯವಾಗುವುದೂ ಇದರಿಂದಲೇ.) ಆದೇಶ ನಡೆದೊಡನೆ ‘ರೋಕೌಂಟ್’ ಎಂಬುದು ಎಷ್ಟು ಸಾಲುಗಳು ಬದಲಾದುವೆಂದು ಹೇಳುತ್ತದೆ. ಅದು ಒಂದಾದರೆ ಕಮಿಟ್. ಸೊನ್ನೆಯಾಗಲಿ, ಒಂದಕ್ಕಿಂತ ಹೆಚ್ಚಾಗಲಿ ರೋಲ್‌ಬ್ಯಾಕ್. ಎರಡು ಸಾಲಿನ ಈ ಪರೀಕ್ಷೆಯನ್ನು ನಾವು ಬರೆದಿರಲಿಲ್ಲ. ಆದೇಶದ ಬೆನ್ನಿಗೇ ಕಮಿಟ್ ಬರೆದಿದ್ದೆವು.

ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು ಎನ್ನುವ ಮಿಶ್ರ ಆದೇಶದ ವಿಷಯದಲ್ಲಿ ಒಂದು ಸೂಚನೆ. ‘ಇನ್ಸರ್ಟ್ ಆರ್ ರಿಪ್ಲೇಸ್’ ಎಂಬುದು ಹೆಸರಿಗೆ ಬದಲಾವಣೆಯಾದರೂ ವಾಸ್ತವದಲ್ಲಿ ಹಳೆಯ ಸಾಲನ್ನು ಅಳಿಸಿ ಹೊಸದನ್ನು ಹಾಕುತ್ತದೆ. ಅರ್ಥವನ್ನಷ್ಟೇ ಒಪ್ಪಿಸಿದರೆ, ಹೇಳಿದವರ ಹೆಸರೂ ಟಿಪ್ಪಣಿಯೂ ಹೋಗುತ್ತವೆ. ಅದಕ್ಕಿಂತ ‘ಆನ್ ಕಾನ್‌ಫ್ಲಿಕ್ಟ್ ಡೂ ಅಪ್‌ಡೇಟ್’ ಉತ್ತಮ. ಹೆಸರಿಸಿದ ಅಂಕಣವನ್ನು ಮಾತ್ರ ಅದು ಮುಟ್ಟುತ್ತದೆ. ಎಸ್‌ಕ್ಯೂಲೈಟಿಗೆ ಇದು 2018ರಲ್ಲಿ ಬಂತು, ಪೋಸ್ಟ್‌ಗ್ರೆಸ್ ಎಂಬ ದೊಡ್ಡ ದತ್ತಸಂಚಯಕ್ಕೆ 2016ರಲ್ಲಿ.

ಒಂದೇ ದಾಖಲೆಯನ್ನು ಇಬ್ಬರು ತೆರೆದು ಕುಳಿತಾಗ ಮೊದಲಿನವರ ತಿದ್ದುಪಡಿಯನ್ನು ಎರಡನೆಯವರು ಅರಿಯದೆ ಅಳಿಸುವುದೂ ಉಂಟು. ಆವೃತ್ತಿಯೆಂಬ ಅಂಕಣವೊಂದನ್ನಿಟ್ಟು, ತಿದ್ದಿದಾಗಲೆಲ್ಲ ಒಂದನ್ನು ಕೂಡಿಸಿ, ‘ವೇರ್’ ಭಾಗದಲ್ಲಿ ಕ್ರಮಾಂಕದೊಡನೆ ತಾವು ಓದಿದ ಆವೃತ್ತಿಯನ್ನೂ ಹೇಳಿದರೆ ಸಾಕು. ನಡುವೆ ಬೇರೆಯವರು ತಿದ್ದಿದ್ದರೆ ರೋಕೌಂಟ್ ಸೊನ್ನೆಯಾಗಿ ಎಚ್ಚರಿಸುತ್ತದೆ.

ನಮ್ಮ ಮಂಜೇಶ್ವರದ ಕಥೆಗೆ ಬರೋಣ. ನಕಲು ತೆಗೆದಿಟ್ಟಿರಲಿಲ್ಲ. ಕೈಬರಹದ ಪುಸ್ತಕಗಳನ್ನು ಹುಡುಕಿ ಬಹುಪಾಲು ಊರುಗಳನ್ನು ಒಂದೊಂದಾಗಿ ಮರಳಿ ತುಂಬಿದೆವು. ನೇರವಾಗಿ ಯಂತ್ರಕ್ಕೇ ಬರೆದುಕೊಂಡಿದ್ದ ಕೆಲವು ಪದಗಳಿಗೆ ಪುಸ್ತಕದ ಆಧಾರವಿರಲಿಲ್ಲ. ಮತ್ತೆ ಕೇಳೋಣವೆಂದರೆ ಅವುಗಳನ್ನು ಹೇಳಿದ ಹಿರಿಯರಲ್ಲಿ ಇಬ್ಬರು ಆ ವೇಳೆಗೆ ತೀರಿಕೊಂಡಿದ್ದರು. ಊಹೆಯಿಂದ ತುಂಬಲು ಮನಸ್ಸಾಗದೆ ಆ ಸಾಲುಗಳ ಊರನ್ನು ‘ನಲ್’ ಮಾಡಿದೆವು. ನಲ್ ಎಂದರೆ ಬರಿದಾದ ಬರಹವಲ್ಲ, ಸೊನ್ನೆಯೂ ಅಲ್ಲ, ತಿಳಿಯದು ಎಂದರ್ಥ. ‘ವೇರ್ ಊರು = ನಲ್’ ಎಂದು ಕೇಳಿದರೆ ಒಂದು ಸಾಲೂ ಬಾರದು, ತಿಳಿಯದುದು ಯಾವುದಕ್ಕೂ ಸಮವಲ್ಲವಾದ್ದರಿಂದ. ‘ವೇರ್ ಊರು ಈಸ್ ನಲ್’ ಎಂದೇ ಕೇಳಬೇಕು. ಹಾಗೆ ಕೇಳಿದಾಗ ಆ ಪದಗಳು ಈಗಲೂ ಬರುತ್ತವೆ. ಓದಿ ಗುರುತಿಸಬಲ್ಲ ಸಹೋದ್ಯೋಗಿಗಳು ಯಾರಾದರೂ ಇದ್ದರೆ ಪಟ್ಟಿಯನ್ನು ಕಳುಹಿಸಿಕೊಡಲು ನಾವು ಸಿದ್ಧರಿದ್ದೇವೆ.